‘ಮನೆ ಬಿಟ್ಟು ನಡೆ’ ಎಂಬ ಆಜ್ಞೆ

“ಮನೆ ಮಾವನ ಹೆಸರಿನಲ್ಲಿದೆ, ಸೊಸೆಗೆ ಅದರಲ್ಲೇನು ಹಕ್ಕು?” ಎಂಬ ಪ್ರಶ್ನೆಯು ಕಲ್ಲಡ್ಕದ ಚಹದಂಗಡಿಗಳಲ್ಲಿಯೂ ವಿದ್ಯಾವಂತರ ಚಾವಡಿಗಳಲ್ಲಿಯೂ ಒಂದೇ ಧೈರ್ಯದಿಂದ ಕೇಳಲ್ಪಡುತ್ತಿದೆ. ಕೇಳುವವರು ಉತ್ತರವನ್ನು ಅಪೇಕ್ಷಿಸುವುದಿಲ್ಲ. ಖಾತೆಯಲ್ಲಿ ಹೆಸರಿಲ್ಲದವಳು ಹೊಸ್ತಿಲೊಳಗೆ ಇರತಕ್ಕವಳಲ್ಲವೆಂಬುದು ಅವರ ಸಿದ್ಧಾಂತ. ಮದುವೆಯ ಚಪ್ಪರದಲ್ಲಿ ಗೃಹಿಣಿಯನ್ನು ಕೊಂಡಾಡುವ ಸುಭಾಷಿತಗಳನ್ನು ಉದ್ಧರಿಸಿದ ಮಹನೀಯರೇ, ದಂಪತಿಗಳಲ್ಲಿ ಮನಸ್ತಾಪವುಂಟಾದೊಡನೆ, ಕ್ರಯಪತ್ರವನ್ನು ಶ್ರುತಿಯೆಂದು ಹಿಡಿಯುತ್ತಾರೆ!

ಈ ಮಾತು ತುಳುನಾಡಿನಲ್ಲಿ ಕೇಳಿಬರುವುದು ಇನ್ನೂ ಆಶ್ಚರ್ಯ. ಅಳಿಯಕಟ್ಟಿನ ಕುಟುಂಬಗಳಲ್ಲಿ ಮನೆತನವು ತಾಯಿಯ ಸಂತತಿಯಿಂದಲೇ ಎಣಿಸಲ್ಪಡುತ್ತಿತ್ತು. ಗಂಡನೊಡನೆ ಬಾಳುವೆ ಕೂಡದವಳಿಗೆ ತನ್ನ ಕುಟುಂಬದ ಮನೆಯಲ್ಲಿ ನೆಲೆಯುಂಟಾಗಿತ್ತು. 1949ರ ಮದ್ರಾಸು ಅಳಿಯಸಂತಾನ ಶಾಸನವೂ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಬಂದ ಬಳಿಕ ಕುಟುಂಬದ ಮನೆಗಳು ಪಾಲಾದುವು. ಆ ಆಸರೆಯೂ ಸಡಿಲಾಯಿತು. ಮಕ್ಕಳಕಟ್ಟಿನವರ ಹೆಣ್ಣುಮಕ್ಕಳಿಗಂತೂ ಅದು ಮೊದಲೇ ಇರಲಿಲ್ಲ.

ಹಾಗಾದರೆ ಕಾನೂನು ಏನನ್ನುತ್ತದೆ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಆದ ಶಾಸನದ 17ನೆಯ ಕಲಮು ಸ್ಪಷ್ಟವಾಗಿದೆ: ಕೂಡಿ ಬಾಳಿದ ಮನೆಯಲ್ಲಿ, ಒಡೆತನವಿರಲಿ ಇಲ್ಲದಿರಲಿ, ಆಕೆಗೆ ವಾಸದ ಹಕ್ಕುಂಟು, ಕಾನೂನಿನ ಕ್ರಮದಿಂದಲ್ಲದೆ ಆಕೆಯನ್ನು ಹೊರಡಿಸಕೂಡದು. ಇದು ಒಡೆತನವಲ್ಲ, ಶಾಶ್ವತವಾದ ಪಟ್ಟವೂ ಅಲ್ಲ. ಮನೆಯ ಯಜಮಾನನು ನ್ಯಾಯಾಲಯಕ್ಕೆ ಹೋಗಬಹುದು. ಬೀಗ ಬದಲಾಯಿಸಿ, ಪೆಟ್ಟಿಗೆಯನ್ನು ಜಗಲಿಗೆಸೆಯುವ ಅಧಿಕಾರ ಮಾತ್ರ ಅವನಿಗಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ವೃದ್ಧರಾದ ಅತ್ತೆಮಾವಂದಿರ ನೆಮ್ಮದಿಗಾಗಿ 2007ರಲ್ಲಿ ಬೇರೆ ಶಾಸನವೇ ಆಗಿದೆಯಲ್ಲವೆ? ಆಗಿದೆ, ಮಕ್ಕಳಿಂದ ಪೀಡಿತರಾದ ವೃದ್ಧರಿಗೆ ಅದು ಬೇಕಾದುದೇ. ಆದರೆ ಆ ರಕ್ಷಾಕವಚವು ಕತ್ತಿಯಾಗಿಯೂ ಬಳಕೆಯಾಗುವುದನ್ನು ಬೆಂಗಳೂರಿನ ದಾವೆಯೊಂದು ತೋರಿಸಿತು. ಗಂಡನು ಕೊಂಡ ಸ್ವತ್ತು ಅವನ ತಂದೆಗೆ ಮಾರಾಟವಾಯಿತು. ದಂಪತಿಗಳ ವ್ಯಾಜ್ಯ ಹುಟ್ಟಿದ ಬಳಿಕ ತಂದೆಯಿಂದ ತಾಯಿಗೆ ದಾನವಾಯಿತು. ಅನಂತರ ಸೊಸೆಯನ್ನು ಹೊರಡಿಸಬೇಕೆಂದು ಅರ್ಜಿಯಾಯಿತು. ಉಪವಿಭಾಗಾಧಿಕಾರಿಯು ಹೊರಡೆಂದರು, ಜಿಲ್ಲಾಧಿಕಾರಿಯೂ ಹೈಕೋರ್ಟೂ ಒಪ್ಪಿದುವು. 2020ರ ದಶಂಬರ 15ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ವೃದ್ಧರ ಶಾಸನದ ಸಂಕ್ಷಿಪ್ತ ವಿಚಾರಣೆಯಿಂದ ಸೊಸೆಯ ವಾಸದ ಹಕ್ಕನ್ನು ಅಳಿಸಲಾಗದು, ಎರಡು ಶಾಸನಗಳನ್ನೂ ಹೊಂದಿಸಿ ಓದಬೇಕು ಎಂಬುದು ತೀರ್ಪಿನ ತಾತ್ಪರ್ಯ. ಮೀಮಾಂಸೆಯನ್ನು ಓದಿದವರಿಗೆ ಈ ಸಮನ್ವಯವು ಹೊಸತಲ್ಲ. ಹೊಸತಾಗಿ ಕಾಣುವುದು ಓದಿಯೂ ಮರೆತವರಿಗೆ.

“ಮಾನವುಳ್ಳ ಮನೆತನದ ಹೆಣ್ಣು ಕೋರ್ಟಿನ ಮೆಟ್ಟಿಲು ಹತ್ತಬಾರದು” ಎನ್ನುವವರೂ ಇದ್ದಾರೆ. ರಾತ್ರಿ ಮಗುವಿನೊಡನೆ ಬಸ್ಸುನಿಲ್ದಾಣದಲ್ಲಿ ಕುಳಿತವಳ ಮಾನವು ಯಾವ ಲೆಕ್ಕದಲ್ಲಿ ಸೇರುತ್ತದೆಂಬುದನ್ನು ಅವರು ಈವರೆಗೆ ತಿಳಿಸಿಲ್ಲ.

ಕಲ್ಲಡ್ಕದಿಂದ ಪಾಣೆಮಂಗಳೂರು ಹಾದು ನೇತ್ರಾವತಿಯ ಸೇತುವೆ ದಾಟಿದರೆ ಬಿ.ಸಿ.ರೋಡಿನಲ್ಲಿ ನ್ಯಾಯಾಲಯವಿದೆ. ಅರ್ಜಿಯನ್ನು ಮ್ಯಾಜಿಸ್ಟ್ರೇಟರಿಗೆ ಆಕೆ ತಾನೇ ಕೊಡಬಹುದು; ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೂಲಕವೂ ಕೊಡಿಸಬಹುದು, ಸಂರಕ್ಷಣಾಧಿಕಾರಿಯ ಕೆಲಸ ಅವರದೇ. ಮೊದಲನೆಯ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯತಕ್ಕದ್ದು. ಅದೇ ಮನೆಯಲ್ಲಿ ಇರಗೊಡಬೇಕೆಂದಾಗಲಿ, ಅಂಥದೇ ಬೇರೆ ಮನೆಯ ಬಾಡಿಗೆ ಕೊಡಬೇಕೆಂದಾಗಲಿ ಆಜ್ಞೆಯಾಗಬಹುದು. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಹಿಂಜರಿಯಬೇಕಾದುದಿಲ್ಲ: 1987ರ ಕಾನೂನು ಸೇವೆಗಳ ಶಾಸನದಂತೆ, ಆದಾಯವೆಷ್ಟೇ ಇದ್ದರೂ, ಸ್ತ್ರೀಯರಿಗೆ ಉಚಿತವಾಗಿ ವಕೀಲರನ್ನು ಒದಗಿಸತಕ್ಕದ್ದು.