ಕಂಬದಿಂದಿಳಿದ ಗಾಜು

ಅಮೆರಿಕದಲ್ಲಿ ಹಳೆ ಸಾಮಾನು ಮಾರುವ ಸಂತೆಗೆ ಹೋದರೆ ಮುಷ್ಟಿಗಾತ್ರದ ನೀಲಿಹಸಿರು ಗಾಜಿನ ಗಟ್ಟಿಯೊಂದು ಕೆಲವೇ ಡಾಲರಿಗೆ ಸಿಗುತ್ತದೆ. ಮೈಮೇಲೆ ‘ಹೆಮಿಂಗ್ರೇ 42’ ಎಂಬ ಉಬ್ಬಚ್ಚು. ಅದೇ ಆಕಾರದ ಗಾಜು ಅಪರೂಪದ ಬಣ್ಣದ್ದಾದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಇವು ಟೆಲಿಗ್ರಾಫ್, ಟೆಲಿಫೋನ್ ಕಂಬಗಳ ಮೇಲಿದ್ದ ಇನ್ಸುಲೇಟರ್‌ಗಳು. ಇದನ್ನೂ ಕೂಡಿಡುತ್ತಾರೆಯೇ ಎಂದು ನಗುವ ಮೊದಲು ಒಂದನ್ನು ತಿರುಗಿಸಿ ನೋಡಬೇಕು.

ಕೆಳಭಾಗ ಟೊಳ್ಳು. ಹೊರ ಅಂಚಿನ ಒಳಗೆ ಇನ್ನೊಂದು ಅಂಚು, ನಡುವೆ ಸ್ಕ್ರೂನಂಥ ತಿರುಪು. ಮಳೆಯಲ್ಲಿ ತೊಯ್ದ ಮರದ ಕಂಬಕ್ಕೆ ತಂತಿ ನೇರವಾಗಿ ತಾಗಿದರೆ ವಿದ್ಯುತ್ ನೆಲಕ್ಕೆ ಸೋರುತ್ತದೆ. ಒಂದು ಕಂಬದಲ್ಲಿ ಸೋರುವುದು ಅತ್ಯಲ್ಪ. ಸಾವಿರಾರು ಕಂಬಗಳ ಸೋರಿಕೆ ಕೂಡಿದರೆ ಆಚೆ ತುದಿಗೆ ಸಂಕೇತವೇ ಮುಟ್ಟುವುದಿಲ್ಲ. ಗಾಜಿನ ಹೊರಮೈ ನೆನೆದರೂ, ಕೊಡೆಯ ಕೆಳಗಿನ ಜಾಗದಂತೆ, ಒಳ ಅಂಚು ಒಣಗಿಯೇ ಉಳಿಯಲಿ ಎಂದೇ ಈ ಆಕಾರ.

ತಿರುಪಿಗೂ ಒಂದು ಕಥೆಯಿದೆ. 1844ರಲ್ಲಿ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಸಂದೇಶ ಕಳಿಸಿದ ಮೇಲೆ ತಂತಿಗಳು ದೇಶದಗಲ ಹಬ್ಬಿದವು. ಆಗಿನ ಇನ್ಸುಲೇಟರ್‌ಗಳ ಒಳಮೈ ನುಣುಪು. ಮರದ ಗೂಟಕ್ಕೆ ಸುಮ್ಮನೆ ಸಿಕ್ಕಿಸುತ್ತಿದ್ದರಿಂದ ತಂತಿ ಜಗ್ಗಿದಾಗ ಕಿತ್ತುಬರುತ್ತಿದ್ದವು. ಲೂಯಿ ಕೋವೆ ಎಂಬಾತ ಒಳಗೆ ತಿರುಪು ಕೊರೆಯುವ ಉಪಾಯಕ್ಕೆ 1865ರಲ್ಲಿ ಪೇಟೆಂಟ್ ಪಡೆದ. ಹಾಗಾಗಿ ತಿರುಪಿಲ್ಲದ ಗಾಜು ಕೈಗೆ ಸಿಕ್ಕರೆ ಸಂಗ್ರಾಹಕರ ಕಣ್ಣು ಅರಳುತ್ತದೆ.

ಅಚ್ಚಾದ ವರ್ಷವನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಹೆಮಿಂಗ್ರೇ ಕಂಪನಿಯ ಗಾಜಿನ ಮೇಲೆ ‘ಮೇ 2, 1893’ ಎಂದಿದ್ದರೆ ಅದು ಅಂಚಿನಿಂದ ನೀರು ತೊಟ್ಟಿಕ್ಕಿ ಬೀಳಲೆಂದು ಮಾಡಿದ ಸಣ್ಣ ಮೊನೆಗಳ ಪೇಟೆಂಟ್ ದಿನಾಂಕ. ಗಾಜು ತಯಾರಾದದ್ದು ಅದಕ್ಕಿಂತ ಎಷ್ಟೋ ವರ್ಷ ಈಚೆಗೆ ಇರಬಹುದು.

ಇನ್ನು ಬಣ್ಣ. ಮರಳಿನಲ್ಲಿರುವ ಕಬ್ಬಿಣದ ಅಂಶವೇ ಗಾಜಿಗೆ ನೀಲಿಹಸಿರು ಛಾಯೆ ಕೊಡುತ್ತದೆ. ಅದನ್ನು ಕಳೆಯಲು ಮ್ಯಾಂಗನೀಸ್ ಬೆರೆಸಿದರೆ ಗಾಜು ತಿಳಿಯಾಗುತ್ತದೆ. ಆದರೆ ದಶಕಗಳ ಬಿಸಿಲಿಗೆ ನಿಧಾನವಾಗಿ ನೇರಳೆಗೆ ತಿರುಗುತ್ತದೆ. ಮೋಸದ ದಾರಿ ತೆರೆಯುವುದೂ ಇಲ್ಲೇ. ವಿಕಿರಣಕ್ಕೆ ಒಡ್ಡಿ ಕೆಲವೇ ಹೊತ್ತಿನಲ್ಲಿ ಗಾಢ ನೇರಳೆ ಬರಿಸಿ ದುಬಾರಿಗೆ ಮಾರುವವರಿದ್ದಾರೆ. ಹೊಸಬರು ಅತಿ ಕಡುಬಣ್ಣ ಕಂಡಲ್ಲಿ ಕೊಳ್ಳದಿರುವುದೇ ಲೇಸು. ಆಕಾರಗಳಿಗೆ ಎನ್. ಆರ್. ವುಡ್‌ವರ್ಡ್ ಕೊಟ್ಟ ‘ಸಿಡಿ’ ಸಂಖ್ಯೆಗಳನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ: ಹೆಮಿಂಗ್ರೇ 42ರದು ಸಿಡಿ 154.

ವಿದ್ಯುತ್ ಸಾಗಿಸುವ ತಂತಿಗಳು ಬಂದು ವೋಲ್ಟೇಜ್ ಏರುತ್ತ ಹೋದಂತೆ ಪಿಂಗಾಣಿಯ ಸರದಿ ಬಂತು. ನ್ಯೂಯಾರ್ಕ್ ರಾಜ್ಯದ ವಿಕ್ಟರ್ ಊರಿನ ಫ್ರೆಡ್ ಲಾಕ್, ರಂಧ್ರವಿಲ್ಲದ ಗಟ್ಟಿ ಪಿಂಗಾಣಿಯನ್ನು ದೊಡ್ಡ ಮಾರ್ಗಗಳಿಗೆ ಒಗ್ಗಿಸಿದವರಲ್ಲಿ ಪ್ರಮುಖ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹೊತ್ತ ಸುಮಾರು 147 ಕಿ.ಮೀ. ಮಾರ್ಗ ಈ ಕಾಲದ್ದೇ. ಮುಂದೆ ಬೆಂಗಳೂರಿನ ಮಲ್ಲೇಶ್ವರದ ಕಾರ್ಖಾನೆಯಲ್ಲೇ ಪಿಂಗಾಣಿ ಇನ್ಸುಲೇಟರ್‌ಗಳು ತಯಾರಾದವು; 1976ರಲ್ಲಿ ಅದು ಬಿಎಚ್‌ಇಎಲ್ ತೆಕ್ಕೆಗೆ ಸೇರಿತು.

ಇಂಥದೊಂದು ಬೇಕೆಂದು ಕಂಬದ ಕಡೆ ಕೈ ಚಾಚಬೇಡಿ. ತಂತಿ ಹೊತ್ತ ಇನ್ಸುಲೇಟರ್ ಪ್ರಾಣಕ್ಕೆ ಎರವಾಗುವ ವಸ್ತು, ಜೊತೆಗೆ ವಿದ್ಯುತ್ ಕಂಪನಿಯ ಆಸ್ತಿ. ನೇರ ದಾರಿಯಲ್ಲಿ ಗುಜರಿಗೆ ಬಂದದ್ದನ್ನು, ರಸೀದಿ ಕೇಳಿ ಕೊಳ್ಳಬಹುದು. ಕೊಳ್ಳುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿಯಿರಿ. ಪಿಂಗಾಣಿಯ ಹೊಳಪಿನ ಪದರದಲ್ಲಿ ಕೂದಲೆಳೆಯ ಬಿರುಕಿದ್ದರೆ ಆಗ ಕಾಣುತ್ತದೆ. ತಯಾರಕರ ಗುರುತು, ಅದೃಷ್ಟವಿದ್ದರೆ ವರ್ಷವೂ ಕಾಣುತ್ತದೆ.