ಹಾಲ್ ತಂಪಾಗಿದೆ, ಗಾಳಿ ಹೇಗಿದೆ?

ಬೇಸಿಗೆ ಬಂತೆಂದರೆ ನಮ್ಮ ಊರುಗಳ ಮಸೀದಿ, ಶಾದಿ ಮಹಲ್, ಬಟ್ಟೆ ಅಂಗಡಿಗಳಲ್ಲಿ ಎ.ಸಿ. ಹಾಕಿಸುವ ಮಾತು ಶುರುವಾಗುತ್ತದೆ. ಚಂದಾ ಕೂಡುತ್ತದೆ, ಗಲ್ಫ್‌ನಲ್ಲಿರುವ ಯಾರಾದರೂ ಕೈಜೋಡಿಸುತ್ತಾರೆ, ನಾಲ್ಕೈದು ಕ್ಯಾಸೆಟ್ ಎ.ಸಿ.ಗಳು ಛಾವಣಿಗೆ ಏರುತ್ತವೆ. ಹಾಕಿಸಲು ಲಕ್ಷಗಟ್ಟಲೆ ಹಣ ಸಿಗುತ್ತದೆ. ಅದರ ಫಿಲ್ಟರ್ ತೊಳೆಯಲು ಮಾತ್ರ ಜನ ಸಿಗುವುದಿಲ್ಲ. ಒಣ ಕೆಮ್ಮು, ಮೂಗು ಕಟ್ಟುವುದು, ತಲೆಭಾರ ಎಂದು ದವಾಖಾನೆಗೆ ಬರುವವರಲ್ಲಿ "ಎ.ಸಿ. ಹಾಲ್‌ನಲ್ಲಿ ಕೂತರೆ ಜಾಸ್ತಿಯಾಗುತ್ತದೆ ಹಕೀಂ ಸಾಹೇಬ್" ಎನ್ನುವವರು ಇದ್ದೇ ಇರುತ್ತಾರೆ. ಆದ್ದರಿಂದ ಇದು ಬರೀ ಮೆಕ್ಯಾನಿಕ್‌ಗೆ ಬಿಡುವ ವಿಷಯವಲ್ಲ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎನ್ನುತ್ತೇವೆ. ಅದರಲ್ಲಿ ಮೊದಲನೆಯದು ಗಾಳಿ. ಅನ್ನ, ನೀರು, ನಿದ್ರೆ ಎಲ್ಲ ಆಮೇಲೆ. ಹಳಸಿದ ಬಿರಿಯಾನಿಯನ್ನು ಮುಟ್ಟದ ನಾವು ಹಳಸಿದ ಗಾಳಿಯನ್ನು ಒಂದು ಗಂಟೆ ಉಸಿರಾಡಿ ಬರುತ್ತೇವೆ.

ಎ.ಸಿ. ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ಕಳಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯ ಸ್ಪ್ಲಿಟ್ ಮತ್ತು ಕ್ಯಾಸೆಟ್ ಯಂತ್ರಗಳು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತವೆ. ಜುಮಾದ ದಿನ ಕಿಟಕಿ ಮುಚ್ಚಿ 300 ಜನ ಕೂತರೆ ಆ 300 ಜನರ ಉಸಿರು ಅಲ್ಲೇ ಸುತ್ತುತ್ತಿರುತ್ತದೆ. ಅವರಲ್ಲಿ ಒಬ್ಬರಿಗೆ ಫ್ಲೂ ಅಥವಾ ಶ್ವಾಸಕೋಶದ ಕ್ಷಯವಿದ್ದರೆ ಏನಾಗಬಹುದೆಂದು ಯೋಚಿಸಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಒಳಗೆ ಅದು 1000 ದಾಟಿದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದರ್ಥ. ಇದನ್ನು ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಅದಿಲ್ಲದಿದ್ದರೂ ಜನ ಸೇರುವ ಮುನ್ನ ಮತ್ತು ಚದುರಿದ ಮೇಲೆ ಕಿಟಕಿಗಳನ್ನು ಪೂರ್ತಿ ತೆರೆದಿಡಿ, ನಡುವೆ ಎಕ್ಸಾಸ್ಟ್ ಫ್ಯಾನ್ ಓಡಲಿ. ತಂಪು ಸ್ವಲ್ಪ ಹೊರಗೆ ಹೋಗುತ್ತದೆ, ಹೋಗಲಿ.

ಇನ್ನು ಫಿಲ್ಟರ್. ಕಾರ್ಪೆಟ್ ಹಾಸಿದ ಹಾಲ್‌ನಲ್ಲಿ ಅದರ ನೂಲಿನ ಧೂಳೆಲ್ಲ ಮೇಲೆದ್ದು ಫಿಲ್ಟರ್‌ಗೆ ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ತೊಳೆಯುವುದು ತೀರಾ ಕನಿಷ್ಠ. ತರಾವೀಹ್‌ನಿಂದಾಗಿ ದಿನವೂ ಹೆಚ್ಚು ಹೊತ್ತು ಓಡುವ ರಮಝಾನ್‌ನಲ್ಲಿ ವಾರಕ್ಕೊಮ್ಮೆ ಬೇಕು. ಮೈನ್ ಸ್ವಿಚ್ ಆಫ್ ಮಾಡಿ, ಜಾಳಿಗೆ ತೆಗೆದು, ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿದರೆ ಮುಗಿಯಿತು. ವುಝೂ ಮಾಡಿದ ಒದ್ದೆ ಕಾಲಲ್ಲಿ ಕಾರ್ಪೆಟ್ ತುಳಿಯುವುದೂ ಬೂಷ್ಟಿಗೆ ದಾರಿ. ಒಳಬಾಗಿಲಲ್ಲಿ ಕಾಲೊರೆಸುವ ಮ್ಯಾಟ್ ಇಡಿ.

ತಂಪು ಕಡಿಮೆಯಾದರೆ "ಗ್ಯಾಸ್ ಮುಗಿದಿದೆ, ತುಂಬಬೇಕು" ಎಂಬ ಮಾತು ಕೂಡಲೇ ಬರುತ್ತದೆ. ಗ್ಯಾಸ್ ಎಂದರೆ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಓಡಿದಂತೆ ಖರ್ಚಾಗಲು. ಮುಚ್ಚಿದ ಕೊಳವೆಯೊಳಗೆ ಸುತ್ತುವ ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕಿ ಮುಚ್ಚದೆ ವರ್ಷವೂ ತುಂಬಿಸುವುದು ಕಮಿಟಿಯ ಹಣವನ್ನು ಗಾಳಿಗೆ ಬಿಟ್ಟಂತೆ. ಅದಕ್ಕೂ ಮೊದಲು ಫಿಲ್ಟರ್ ನೋಡಿ, ಹೊರಗಿನ ಯೂನಿಟ್ ನೋಡಿ. ಅದರ ಮುಂದೆ ಹಳೆಯ ಬೆಂಚು, ಶಾಮಿಯಾನದ ಗಂಟು ರಾಶಿ ಹಾಕಿದ್ದರೆ ಬಿಸಿ ಹೊರಹೋಗುವುದಾದರೂ ಹೇಗೆ? ಕರಾವಳಿಯಲ್ಲಿ ಉಪ್ಪುಗಾಳಿ ಅದರ ತೆಳು ತಗಡುಗಳನ್ನು ತಿನ್ನುತ್ತದೆ, ಆಗಾಗ ಸಿಹಿನೀರಲ್ಲಿ ತೊಳೆಸಬೇಕು. ಒಳಗಿನ ಕಾಯಿಲ್‌ನಲ್ಲಿ ಮಂಜುಗಡ್ಡೆ ಕಂಡರೆ ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಕರಗಿಸಿ. ಫಿಲ್ಟರ್ ಶುಚಿ ಮಾಡಿದ ಮೇಲೂ ಕಟ್ಟಿದರೆ ಆಗ ಮೆಕ್ಯಾನಿಕ್‌ನನ್ನು ಕರೆಯಿರಿ. ಸುಟ್ಟ ವಾಸನೆ ಬಂದರೆ, ಎಂ.ಸಿ.ಬಿ. ಪದೇಪದೇ ಬೀಳುತ್ತಿದ್ದರೆ ಕೈ ಹಾಕಲೇಬೇಡಿ.

ಹನಿ ಬೀಳುವ ಎ.ಸಿ.ಯ ಕೆಳಗೆ ಬಕೆಟ್ ಇಟ್ಟು ಸುಮ್ಮನಾಗುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹೆಚ್ಚಾಗಿ ನೀರು ಹೋಗುವ ಪೈಪ್‌ನಲ್ಲಿ ಲೋಳೆ ಕಟ್ಟಿರುತ್ತದೆ. ಹಾಗೇ ಬಿಟ್ಟರೆ ಸೀಲಿಂಗ್ ನೆನೆದು ಕಪ್ಪು ಕಲೆಯಾಗುತ್ತದೆ. ಆ ಬೂಷ್ಟಿನ ಕಣಗಳು ಅಸ್ತಮಾ ಇರುವವರ ಉಸಿರು ಕಟ್ಟಿಸಬಲ್ಲವು. ಕಮಟು ವಾಸನೆ ಬಂದರೆ ಲೋಬಾನ, ಬಖೂರ್ ಹಾಕಿ ಮುಚ್ಚುವ ರೂಢಿಯೂ ಇದೆ. ಅವುಗಳ ಪರಿಮಳ ನನಗೂ ಇಷ್ಟವೇ. ಆದರೆ ಮುಚ್ಚಿದ ಹಾಲ್‌ನಲ್ಲಿ ಆ ಹೊಗೆ ಕಾಯಿಲ್‌ಗೆ ಅಂಟಿ ಧೂಳನ್ನು ಹಿಡಿದಿಡುತ್ತದೆ, ಮುದುಕರ ಎದೆಗೂ ಹಿಂಸೆ. ಕಿಟಕಿ ತೆರೆದಾಗ ಹಾಕಿ. ಅಸ್ತಮಾ ಇರುವವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡೇ ಬನ್ನಿ. ಜೋಶಾಂದ ಕುಡಿದೆನೆಂದು ಅದನ್ನು ಬಿಡಬೇಡಿ.

ಮತ್ತೆ, ರಿಮೋಟ್ ಸಿಕ್ಕವರೆಲ್ಲ 18ಕ್ಕೆ ಇಳಿಸುವುದು ಬೇಡ. 24ರಿಂದ 26 ಡಿಗ್ರಿ ಸಾಕು. ಬಿಸಿಲಿನಿಂದ ಬೆವರುತ್ತಾ ಬಂದವರು ನೇರ ಗಾಳಿ ಬೀಳುವಲ್ಲಿ ಕೂರದಿರಲಿ.

ಎ.ಸಿ. ದಾನ ಕೊಡುವವರಲ್ಲಿ ನನ್ನದೊಂದು ಕೋರಿಕೆ: ಐದು ಕೊಡುವ ಬದಲು ನಾಲ್ಕು ಕೊಡಿ, ಉಳಿದ ಹಣವನ್ನು ಸರ್ವಿಸ್‌ಗೆ ಮೀಸಲಿಡಿ. ಕಮಿಟಿಯವರು ಅದಕ್ಕೊಬ್ಬ ಜವಾಬ್ದಾರನನ್ನು ನೇಮಿಸಿ, ಫಿಲ್ಟರ್ ತೊಳೆದ ತಾರೀಕನ್ನು ನಮಾಝ್ ಸಮಯದ ಬೋರ್ಡಿನ ಪಕ್ಕದಲ್ಲೇ ಬರೆಸಲಿ. ಎಲ್ಲರ ಕಣ್ಣು ಬೀಳುವ ಜಾಗ ಅದು.