ಮತ್ತೊಮ್ಮೆ ಹೋಗಬೇಕಾದರೆ

ಮಳೆಗಾಲ ಬಂತೆಂದರೆ ಪುಣೆಯ ಜನರಿಗೆ ಮನೆಯಲ್ಲಿ ಕಾಲು ನಿಲ್ಲದು. ಸಿಂಹಗಡ, ಲೋಣಾವಳಾ, ತಾಮ್ಹಿಣಿ ಘಾಟಿನ ದಾರಿಗಳೆಲ್ಲ ತುಂಬಿಹೋಗುತ್ತವೆ. ಹೋದವರು ಮರುವರ್ಷವೂ ಹೋಗುತ್ತಾರೆ. ಬೆಟ್ಟ, ಮಂಜು, ನೀರು ಇವಷ್ಟೇ ಕಾರಣವಾಗಿದ್ದರೆ ಒಮ್ಮೆ ನೋಡಿದ ಮೇಲೆ ಸಾಕೆನಿಸಬೇಕಿತ್ತಲ್ಲವೆ?

ಸಿಂಹಗಡವನ್ನೇ ತೆಗೆದುಕೊಳ್ಳೋಣ. ಆತ್ಕರವಾಡಿಯಿಂದ ಕಾಲುನಡಿಗೆಯಲ್ಲಿ ಹತ್ತಿ ದಣಿದವನಿಗೆ ಅಲ್ಲಿ ಝುಣಕ ಭಾಕರಿಯೂ ಕುಡಿಕೆಯ ಗಟ್ಟಿ ಮೊಸರೂ ದೊರೆಯುತ್ತವೆ. ಮೊಸರು ಮಾರುವ ತಾಯಿ ಎರಡನೆಯ ಸಲ ಗುರುತು ಹಿಡಿದು “ಯಾ ದಾದಾ, ಬಸಾ” ಎಂದರೆ, ಕಲಬುರ್ಗಿ, ವಿಜಯಪುರಗಳಿಂದ ಬಂದ ನಮ್ಮವರಿಗೂ ತಮ್ಮೂರಿನ ಕಟ್ಟೆಯ ನೆನಪಾಗುತ್ತದೆ. ಮೊದಲ ಸಲ ಕರೆಯುವುದು ಬೆಟ್ಟ. ಎರಡನೆಯ ಸಲ ಕರೆಯುವವರು ಅಲ್ಲಿನ ಜನ.

ಆದರೆ ಮತ್ತೆ ಹೋಗಬೇಕಾದರೆ ಮೊದಲು ಕ್ಷೇಮವಾಗಿ ಮನೆಗೆ ಮರಳಬೇಕು. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ನೀರಿನ ಸೆಳೆತಕ್ಕೆ ಬಲಿಯಾದರು. 2025ರ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಜನಭಾರಕ್ಕೆ ಕುಸಿದು ನಾಲ್ವರು ತೀರಿಕೊಂಡರು. ಎರಡೂ ರವಿವಾರಗಳೇ. ದುಡಿಯುವವನಿಗೆ ವಾರಕ್ಕೆ ಒಂದೇ ಬಿಡುವು. ಆ ಒಂದು ದಿನ ಎಲ್ಲರೂ ಒಂದೇ ಕಡೆ ನೆರೆಯುತ್ತಾರೆ. ಇದನ್ನು ತಿಳಿದೂ ಅಪಾಯದ ಫಲಕವೊಂದನ್ನು ನೆಟ್ಟ ಮಾತ್ರಕ್ಕೆ ಅಧಿಕಾರಿಗಳ ಹೊಣೆ ತೀರುವುದಿಲ್ಲ. ಮಳೆಗಾಲದ ರಜಾದಿನಗಳಲ್ಲಿ ನೀರಿನ ಬಳಿ ಕಾವಲುಗಾರರೂ, ಬೆಟ್ಟದ ಬುಡದವರೆಗೆ ಸಾಕಷ್ಟು ಬಸ್ಸುಗಳೂ ಇರತಕ್ಕದ್ದು.

ಜನಸಂದಣಿಯನ್ನು ಹತೋಟಿಯಲ್ಲಿಡುವುದು ಅಸಾಧ್ಯವೇನೂ ಅಲ್ಲ. 2012ರಲ್ಲಿ ಪಶ್ಚಿಮ ಘಟ್ಟಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಾತಾರೆಯ ಕಾಸ್ ಪಠಾರದಲ್ಲಿ, ಹೂವಿನ ಕಾಲಕ್ಕೆ ದಿನಕ್ಕಿಷ್ಟೇ ಜನರೆಂಬ ಮಿತಿಯನ್ನು ಹಾಕಿದ್ದಾರೆ. ಸುತ್ತಲಿನ ಹಳ್ಳಿಗರೇ ನಿಂತು ಕಾಯುತ್ತಾರೆ. ಅಲ್ಲಿನ ಟೋಪಲಿ ಕಾರವಿ ಅರಳುವುದು ಏಳು ವರ್ಷಕ್ಕೊಮ್ಮೆ. ಇಂದು ಅದನ್ನು ತುಳಿದು ಬಂದರೆ ಏಳು ವರ್ಷದ ಮೇಲೆ ಮಕ್ಕಳಿಗೆ ತೋರಿಸಲು ಏನು ಉಳಿದೀತು?

ಸರಕಾರದ ಕರ್ತವ್ಯವನ್ನು ಹೇಳಿ ನಾವು ಕೈಕಟ್ಟಿ ಕೂಡುವುದೂ ಸರಿಯಲ್ಲ. ಪಿಂಪರಿ, ಭೋಸರಿ ಕಡೆಯ ಅನೇಕ ಕಾರ್ಖಾನೆಗಳಿಗೆ ಗುರುವಾರ ರಜೆ. ಅಲ್ಲಿ ದುಡಿಯುವ ನಮ್ಮ ಬಾಂಧವರು ರವಿವಾರದ ನೂಕುನುಗ್ಗಲಿಗೆ ಹೋಗದೆ ಗುರುವಾರವೇ ಕುಟುಂಬಸಮೇತ ಹೊರಡಬಹುದು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರೋಣ. ತುಂಬಿದ ಹಳ್ಳಕ್ಕೆ ಇಳಿಯುವ ಎಳೆಯರ ಕೈ ಹಿಡಿದು ನಿಲ್ಲಿಸೋಣ. ಮೊಸರಿನ ಕುಡಿಕೆಗೆ ಚೌಕಾಶಿ ಮಾಡದಿರೋಣ. ಹೊರೆ ಹೊತ್ತು ಆ ಗಡವನ್ನೇರಿದ ತಾಯಿಯೂ ನಮ್ಮಂತೆಯೇ ದುಡಿದು ಉಣ್ಣುವವಳು. ನಮ್ಮ ರಜೆಯ ದಿನ ಅವಳಿಗೆ ಕೆಲಸದ ದಿನವೆಂಬುದನ್ನು ಕಾರ್ಮಿಕರಾದ ನಾವು ಮರೆಯಬಾರದು.